ಪಟ್ಟಿಯಲ್ಲಿಲ್ಲದ್ದು

ಸಾಹೇಬರು ಇಂಗ್ಲಿಷಿನಲ್ಲಿ ಹೇಳಿದ್ದನ್ನು
ಕಡತಕ್ಕೆ ಕನ್ನಡದಲ್ಲಿ ಇಳಿಸುವುದು ನನ್ನ ಕೆಲಸ.
‘ದೀರ್ಘಾವಧಿ ತಂತ್ರಜ್ಞಾನ ಕಾರ್ಯತಂತ್ರ’
ಎಂದು ಬರೆದು ನೋಡಿದೆ:
ಒಂದೇ ಸಾಲಿನಲ್ಲಿ ಎರಡು ತಂತ್ರ.
ಕಂಬದ ಮೇಲಿನ ತಂತಿಗೆ ಮಾತ್ರ
ಅದರಲ್ಲಿ ಜಾಗ ಸಿಗಲಿಲ್ಲ.

ಇಪ್ಪತ್ತು ವರ್ಷದ ನಕ್ಷೆ ಬೇಕಂತೆ ವಿದ್ಯುತ್ ಕಂಪನಿಗೆ.
ನನಗಿನ್ನು ಹದಿನಾಲ್ಕು ತಿಂಗಳ ಸರ್ವೀಸು.
‘ಸಲಹೆಗಾರರು ಬೇಕಾಗಿದ್ದಾರೆ’ ಎಂದು ಟೆಂಡರು ಕರೆದೆವು,
ಅನುಭವ ಇಷ್ಟು ವರ್ಷ, ವಹಿವಾಟು ಇಷ್ಟು ಕೋಟಿ,
ಠೇವಣಿ, ಮುದ್ರಾಂಕ, ಮೂರು ಪ್ರತಿ.
ರಾತ್ರಿ ಎರಡಕ್ಕೆ ತ್ರೀಫೇಸ್ ಬಂದಾಗ
ಟಾರ್ಚು ಹಿಡಿದು ಗದ್ದೆಗೆ ಹೋಗಿ ಗೊತ್ತೇ
ಎಂದು ಕೇಳಲು ಕಾಲಮ್ಮು ಇರಲಿಲ್ಲ.

ಮಾದರಿಗೆಂದು ಹಳೇ ಬೀರು ತಡಕಿದೆ, ಇರಲಿಲ್ಲ.
ಹಿಂದಿನ ನಕ್ಷೆ ಸಿಕ್ಕಿದ್ದು ಕಿಟಕಿಯಲ್ಲಿ,
ಗಾಳಿಗೆ ಬಡಿಯದಂತೆ ಯಾರೋ ಒತ್ತು ಕೊಟ್ಟಿದ್ದರು.
ಅದರ ಪ್ರಕಾರ ನಾವು
ಎಂಟು ವರ್ಷದಿಂದ ಭವಿಷ್ಯದಲ್ಲೇ ಇದ್ದೇವೆ.
ಬೆರಳಚ್ಚು ನನ್ನದೇ.
‘ಮಂಡ್ಯ’ದ ಒತ್ತಕ್ಷರ ಬಿಟ್ಟುಹೋಗಿತ್ತು,
ನೀಲಿ ಪೆನ್ನಿನಲ್ಲಿ ಸೇರಿಸಿದ್ದೆ. ಇನ್ನೂ ಮಾಸಿಲ್ಲ.

ಮೂರು ಕಂಪನಿಯವರು ಬಂದರು.
ಮೊದಲನೆಯವರು ಪರದೆ ಇಳಿಸಿ, ದೀಪ ಆರಿಸಿ ತೋರಿಸಿದರು.
ನಲವತ್ತೊಂದನೇ ಪುಟದಲ್ಲಿ
ನಮ್ಮೂರು ಇರಬೇಕಾದ ಕಡೆ ಸೂರತ್ ಇತ್ತು.
ಸಾಹೇಬರು ಬಿಸ್ಕತ್ತು ಅದ್ದುತ್ತಿದ್ದರು.
ನಾನು ನೋಡಿದೆ. ನನ್ನನ್ನು ಯಾರೂ ಕೇಳಲಿಲ್ಲ.

ಎರಡನೆಯವರದು ಡ್ರೋನು, ಮೋಡ, ಮುನ್ಸೂಚನೆ.
ಇನ್ನು ಮುಂದೆ ಕಂಬಗಳೇ
ತಮ್ಮ ಕಾಯಿಲೆ ಹೇಳಿಕೊಳ್ಳುತ್ತವಂತೆ.
ಬಾಗಿಲ ಬಳಿ ನಿಂತಿದ್ದ ಲೈನ್‌ಮನ್ ಜವರಪ್ಪ
ನನ್ನ ಕಿವಿಯಲ್ಲಿ ಅಂದ:
‘ಕಂಬುಕ್ಕೆ ಬಾಯ್ ಬಂದ್ರೆ
ಮೊದ್ಲು ನಮ್ಗೇ ಬಯ್ತದೆ ಬುಡಕ್ಕ.’

ಮೂರನೆಯದು ಒಬ್ಬಳೇ ಹೆಂಗಸು, ನಿವೇದಿತಾ ಬಾಳಿಗ.
ಪರದೆ ಬೇಡವೆಂದಳು. ಚಪ್ಪಲಿಯಲ್ಲಿ ಕೆಸರಿತ್ತು,
ಹಿಂದಿನ ದಿನವೇ ಬಂದು ನಾಲೆ ಏರಿಯ ಮೇಲೆ ಅಡ್ಡಾಡಿದ್ದಳಂತೆ.
‘ನಿಮ್ಮಲ್ಲಿ ಟ್ರಾನ್ಸ್‌ಫಾರ್ಮರು ಎಷ್ಟಿವೆ?’
ಸ್ಟೋರಿನ ಲೆಕ್ಕ ನಾಲ್ಕು ಸಾವಿರದ ಮುನ್ನೂರು.
ಬಿಲ್ಲಿಂಗಿನವರದು ಆರುನೂರು ಚಿಲ್ಲರೆ ಜಾಸ್ತಿ.
ಕಂಪ್ಯೂಟರಿನದು ತೆರೆಯಲಿಲ್ಲ.
‘ಹಾಗಾದರೆ ಮೊದಲ ವರ್ಷ ಎಣಿಸೋಣ’ ಎಂದಳು.

ಫ್ಯಾನು ಒಂದೇ ಮಾತಾಡುತ್ತಿತ್ತು ಸ್ವಲ್ಪ ಹೊತ್ತು.

‘ಎಣಿಸೋಕೆ ನಲವತ್ತು ಲಕ್ಷವೇನ್ರೀ?’
‘ಎಣಿಸದೆ ಇದ್ದದ್ದಕ್ಕೆ ಎಷ್ಟಾಗಿದೆ ಸಾರ್?’
ನಡಾವಳಿಯಲ್ಲಿ ಇದನ್ನು ಬರೆಯಲೇ ಎಂದೆ.
ಬೇಡ ಎಂದರು.
‘ಚರ್ಚಿಸಲಾಯಿತು’ ಎಂದು ಬರೆದೆ.

ತಾಂತ್ರಿಕಕ್ಕೆ ಎಪ್ಪತ್ತು, ದರಕ್ಕೆ ಮೂವತ್ತು,
ಅಂಕ ಕೂಡಿದವಳು ನಾನು.
ಸೂರತ್ತಿನವರಿಗಿಂತ ಅವಳದು
ಸೊನ್ನೆ ಬಿಂದು ಆರು ಕಡಿಮೆ.
ಇನ್ನೊಮ್ಮೆ ಕೂಡಿದೆ. ತಪ್ಪಿರಲಿ ಎಂದುಕೊಂಡೇ
ಮೂರನೇ ಸಲವೂ ಕೂಡಿದೆ.
ಶಾಲೆಯಲ್ಲಿ ನನ್ನ ಲೆಕ್ಕ ಯಾವತ್ತೂ ತಪ್ಪಿದ್ದಿಲ್ಲ, ಹಾಳಾದ್ದು.

ಜವರಪ್ಪ ಕೇಳಿದ, ‘ಯಾರ್ಗಾಯ್ತಕ್ಕ?’
ಹೇಳಿದೆ. ಇಕ್ಕುಳ ಸೊಂಟಕ್ಕೆ ಸಿಕ್ಕಿಸಿಕೊಂಡು
ಸೈಕಲ್ಲು ತುಳಿದುಕೊಂಡು ಹೋದ,
ಎಲ್ಲೋ ಫ್ಯೂಸು ಹೋಗಿತ್ತು.

ಅವತ್ತು ಆಟೋ ಹತ್ತದೆ ನಡೆದೆ,
ನೂರಡಿ ರಸ್ತೆಯಿಂದ ಗುತ್ತಲು ರಸ್ತೆಯ ಮನೆತನಕ.
ಒಂದು, ಬ್ಯಾಂಕಿನ ಎದುರು.
ಎರಡು, ಕಬ್ಬಿನ ಹಾಲಿನ ಗಾಡಿಯವನು
ಅದರ ಬೇಲಿಗೇ ಟವೆಲ್ಲು ಒಣಹಾಕಿದ್ದ.
ಮೂರರ ಬುಡದಲ್ಲಿ ಎಮ್ಮೆ.
ಪಟ್ಟಿಯಲ್ಲಿ ಈ ದಾರಿಗೆ ಐದೇ.
ಆರನೆಯದು ಸಿಕ್ಕಿತು, ನನ್ನ ಮನೆಯ ತಿರುವಿನಲ್ಲೇ,
ಹಾಗಲಬಳ್ಳಿ ಹಬ್ಬಿ, ನಂಬರಿಲ್ಲದೆ.
ಇಪ್ಪತ್ತೆರಡು ವರ್ಷ ಅದರ ಕೆಳಗೇ
ಸೊಪ್ಪು ಕೊಂಡಿದ್ದೇನೆ.
ಯಾವ ಲೆಕ್ಕಕ್ಕೂ ಸೇರದ ಅದು
ಒಂದೇ ಸಮನೆ ಗುಂಯ್ ಅನ್ನುತ್ತಿತ್ತು;
ನನ್ನ ಅಡುಗೆಮನೆಯ ದೀಪ
ಉರಿಯುತ್ತಿದ್ದುದು ಕಾಣುತ್ತಿತ್ತು.